ಜೆರುಸಲೇಮನ್ನು ಉಳಿಸಿದ ಚೌಕಾಸಿ: ಸಲಾಹುದ್ದೀನನ ಕಥೆ

ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯ ಉತ್ತರ ಗೋಡೆಯ ಆಚೆಗೆ ಒಂದು ಸಣ್ಣ ಗುಮ್ಮಟದ ಕಟ್ಟಡವಿದೆ. ಒಳಗೆ ಹೋದರೆ ಪಕ್ಕಪಕ್ಕದಲ್ಲಿ ಎರಡು ಗೋರಿಗಳು. ಒಂದು ಹಳೆಯದು, ಕೆತ್ತನೆಯ ಮರದ್ದು. ಇನ್ನೊಂದು ಬಿಳಿ ಅಮೃತಶಿಲೆಯದು, ನೋಡಿದ ತಕ್ಷಣ ಕಣ್ಣಿಗೆ ಬೀಳುವಂಥದ್ದು. ಸಲಾಹುದ್ದೀನ್ ಅಯ್ಯೂಬಿಯನ್ನು ಮಣ್ಣು ಮಾಡಿರುವುದು ಮರದ ಗೋರಿಯಲ್ಲಿ. ಅಮೃತಶಿಲೆಯದು ಖಾಲಿ. ಅದನ್ನು ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಕೊಡಿಸಿದ್ದು ಅಂತ ಹೇಳುತ್ತಾರೆ. 1898ರಲ್ಲಿ ಆತ ಜೆರುಸಲೇಮ್ ನೋಡಿಕೊಂಡು ಡಮಾಸ್ಕಸ್ಸಿಗೆ ಬಂದು, ಈ ಗೋರಿಯ ಮೇಲೆ ಚಿನ್ನದ ಲೇಪವಿದ್ದ ಕಂಚಿನ ಮಾಲೆಯೊಂದನ್ನು ಇಟ್ಟು ಹೋಗಿದ್ದ. ಇಪ್ಪತ್ತು ವರ್ಷದ ನಂತರ, ಮೊದಲ ಮಹಾಯುದ್ಧದ ಕೊನೆಯಲ್ಲಿ, ಇಂಗ್ಲಿಷ್ ಸೇನಾಧಿಕಾರಿ ಟಿ.ಇ. ಲಾರೆನ್ಸ್ ಆ ಮಾಲೆಯನ್ನು ಎತ್ತಿಕೊಂಡು ಲಂಡನ್ನಿಗೆ ಒಯ್ದ. ಅದು ಈಗಲೂ ಅಲ್ಲಿನ ಯುದ್ಧ ಸಂಗ್ರಹಾಲಯದಲ್ಲಿದೆ.

ಸತ್ತು ಎಂಟು ಶತಮಾನ ಕಳೆದ ಮೇಲೂ ಒಬ್ಬ ಮನುಷ್ಯನಿಗಾಗಿ ಹೀಗೆ ಜಗ್ಗಾಟ ನಡೆಯುವುದು ವಿಚಿತ್ರವೇ. ಯುರೋಪಿನವರಿಗೆ ಆತ ಸಲಾದಿನ್: ಶತ್ರುವಾದರೂ ಸಜ್ಜನ. ಕವಿ ದಾಂತೆ ಅವನನ್ನು ನರಕದ ಹೊರ ಅಂಚಿನಲ್ಲಿ, ಪ್ರಾಚೀನ ಸತ್ಪುರುಷರ ಜೊತೆ ಕೂರಿಸಿದ. ವಾಲ್ಟರ್ ಸ್ಕಾಟ್ ಅವನನ್ನು ಕಾದಂಬರಿಯ ನಾಯಕನಂತೆ ಚಿತ್ರಿಸಿದ. ಅರಬ್ ನಾಡುಗಳ ಆಳುವವರಿಗೆ ಆತ ಇನ್ನೊಂದು ಬಗೆಯಲ್ಲಿ ಬೇಕಾದವನು. ಅದೇ ತಿಕ್ರಿತ್ ಸೀಮೆಯಲ್ಲಿ ಹುಟ್ಟಿದ ಸದ್ದಾಂ ಹುಸೇನ್ ತನ್ನನ್ನು ಎರಡನೇ ಸಲಾಹುದ್ದೀನ್ ಅನ್ನುವಂತೆ ಬಿಂಬಿಸಿಕೊಂಡ. ಸಲಾಹುದ್ದೀನ್ ಕುರ್ದ್ ಜನಾಂಗದವನು, ಸದ್ದಾಂ 1988ರಲ್ಲಿ ವಿಷಾನಿಲ ಹಾಕಿ ಕೊಂದದ್ದೂ ಕುರ್ದರನ್ನೇ. ಆ ಸಂಗತಿ ಮಾತ್ರ ಭಿತ್ತಿಚಿತ್ರಗಳಲ್ಲಿ ಬರಲಿಲ್ಲ ಬಿಡಿ.

ಒಬ್ಬರಿಗೆ ಕರುಣಾಮಯಿ, ಇನ್ನೊಬ್ಬರಿಗೆ ಕತ್ತಿ ಹಿಡಿದ ವಿಮೋಚಕ. ಈ ಎರಡೂ ಅಮೃತಶಿಲೆಯ ಪೆಟ್ಟಿಗೆಗಳು. ನನಗೆ ಕುತೂಹಲ ಇರುವುದು ಮರದ ಪೆಟ್ಟಿಗೆಯಲ್ಲಿರುವವನ ಬಗ್ಗೆ. ಅದರಲ್ಲೂ 1187ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಜೆರುಸಲೇಮಿನ ಗೋಡೆಯ ಹೊರಗೆ ಆತ ನಡೆಸಿದ ಒಂದು ಚೌಕಾಸಿಯ ಬಗ್ಗೆ.

ಅದು ಅರ್ಥವಾಗಬೇಕಾದರೆ 88 ವರ್ಷ ಹಿಂದೆ ಹೋಗಬೇಕು. 1099ರ ಜುಲೈ 15ರಂದು ಮೊದಲ ಕ್ರುಸೇಡಿನ ಸೈನ್ಯ ಜೆರುಸಲೇಮಿನ ಗೋಡೆ ಹತ್ತಿ ಒಳನುಗ್ಗಿತು. ಸೊಲೊಮೋನನ ದೇವಾಲಯ ಇದ್ದ ಜಾಗ ಅಂತ ಯಹೂದಿಗಳು ನಂಬುವ, ಪ್ರವಾದಿ ಮುಹಮ್ಮದರು ಸ್ವರ್ಗಾರೋಹಣ ಮಾಡಿದ ಜಾಗ ಅಂತ ಮುಸ್ಲಿಮರು ನಂಬುವ ಆ ದಿಣ್ಣೆಯ ಮೇಲೆ, ಯೇಸುವಿನ ಸಮಾಧಿಯ ಹೆಸರು ಹೇಳಿಕೊಂಡು ಬಂದವರು ಹೆಂಗಸರು ಮಕ್ಕಳೆನ್ನದೆ ಕೊಂದರು. ಮುಸ್ಲಿಮರ ಜೊತೆ ಯಹೂದಿಗಳೂ ಸತ್ತರು. ಆ ದಿನ ಸುರಕ್ಷಿತವಾಗಿ ಹೊರಬಂದವರು ಅಂದರೆ ಕೋಟೆಯ ದಾವೀದನ ಗೋಪುರದಲ್ಲಿದ್ದ ಫಾತಿಮಿ ಅಧಿಕಾರಿ ಮತ್ತು ಅವನ ಕಾವಲುಪಡೆ. ಅವರು ಹಣ ಕೊಟ್ಟು, ಮಾತು ಪಡೆದು, ಬಾಗಿಲು ತೆರೆದು ನಡೆದುಬಿಟ್ಟರು. ಚೌಕಾಸಿಗೆ ಏನಾದರೂ ಕೈಯಲ್ಲಿದ್ದವರು ಬದುಕಿದರು, ಉಳಿದವರು ಸತ್ತರು. ಆಮೇಲೆ ಕ್ರೈಸ್ತ ದೊರೆಗಳು ಊರೊಳಗೆ ಯಹೂದಿಗಳೂ ಮುಸ್ಲಿಮರೂ ವಾಸ ಮಾಡಕೂಡದು ಅಂತ ನಿಷೇಧಿಸಿದರು. 1170ರ ಆಸುಪಾಸಿನಲ್ಲಿ ಬಂದ ಯಹೂದಿ ಪ್ರವಾಸಿ ತುದೇಲಾದ ಬೆಂಜಮಿನ್‌ಗೆ ಅಲ್ಲಿ ಕಂಡದ್ದು ದಾವೀದನ ಗೋಪುರದ ಹತ್ತಿರ ಬಟ್ಟೆಗೆ ಬಣ್ಣ ಹಾಕಿ ಬದುಕುತ್ತಿದ್ದ ಒಂದಷ್ಟು ತನ್ನವರು, ಅಷ್ಟೇ.

ಸಲಾಹುದ್ದೀನ್ ಹುಟ್ಟಿದ್ದು 1137 ಅಥವಾ 1138ರಲ್ಲಿ, ಇಂದಿನ ಇರಾಕಿನ ತಿಕ್ರಿತ್‌ನಲ್ಲಿ. ಮನೆಯಲ್ಲಿಟ್ಟ ಹೆಸರು ಯೂಸುಫ್, ಸಲಾಹುದ್ದೀನ್ ಅನ್ನುವುದು ಬಿರುದು. ಅಪ್ಪ ನಜ್ಮುದ್ದೀನ್ ಅಯ್ಯೂಬ್ ಅಲ್ಲಿನ ಕೋಟೆಯ ಅಧಿಕಾರಿ. ಚಿಕ್ಕಪ್ಪ ಶಿರ್ಕುಹ್ ಜಗಳದಲ್ಲಿ ಒಬ್ಬನನ್ನು ಕೊಂದುಬಿಟ್ಟಿದ್ದರಿಂದ ಇಡೀ ಕುಟುಂಬ ಊರು ಬಿಡಬೇಕಾಯಿತು. ಮಗು ಹುಟ್ಟಿದ ರಾತ್ರಿಯೇ ಹೊರಟರು ಅಂತ ಕಥೆ. ಹುಡುಗ ಬೆಳೆದದ್ದು ಬಾಲ್ಬೆಕ್ ಮತ್ತು ಡಮಾಸ್ಕಸ್ಸಿನಲ್ಲಿ. ಕುದುರೆ ಮೇಲೆ ಕೂತು ಚೆಂಡಾಡುವುದರಲ್ಲಿ ಗಟ್ಟಿಗ, ಓದಿನಲ್ಲೂ ಆಸಕ್ತಿ. ದೊಡ್ಡ ಸೇನಾಪತಿಯಾಗುತ್ತಾನೆ ಅನ್ನಿಸುವಂಥ ಲಕ್ಷಣ ಯಾರಿಗೂ ಕಂಡಿರಲಿಲ್ಲ.

ಸಿರಿಯಾದ ದೊರೆ ನೂರುದ್ದೀನ್ ಈಜಿಪ್ಟಿಗೆ ಸೈನ್ಯ ಕಳಿಸಿದಾಗ ನಾಯಕತ್ವ ಶಿರ್ಕುಹ್‌ನದು. ಜೊತೆಯಲ್ಲಿ ಅಣ್ಣನ ಮಗನೂ ಹೋಗಬೇಕಾಯಿತು. ಮೂರನೇ ಸಲವಂತೂ ಅವನಿಗೆ ಹೋಗಲು ಸುತಾರಾಂ ಇಷ್ಟ ಇರಲಿಲ್ಲ. 1169ರ ಜನವರಿಯಲ್ಲಿ ಶಿರ್ಕುಹ್ ಕೈರೋದಲ್ಲಿ ವಜೀರನಾದ, ಎರಡು ತಿಂಗಳಲ್ಲಿ ಒಂದು ಭರ್ಜರಿ ಊಟದ ನಂತರ ಸತ್ತೇಹೋದ. ಮುಂದೆ ಯಾರು? ಆಗಿನ ಫಾತಿಮಿ ಖಲೀಫನ ಸಲಹೆಗಾರರು ಸಲಾಹುದ್ದೀನನನ್ನು ಆರಿಸಿದರು. ಇರುವವರಲ್ಲಿ ಇವನೇ ಎಳಸು, ನಾವು ಹೇಳಿದ ಹಾಗೆ ಕೇಳಿಕೊಂಡು ಇರುತ್ತಾನೆ ಅನ್ನುವ ಲೆಕ್ಕಾಚಾರ. ರಾಜಕೀಯದಲ್ಲಿ ಇಂಥ ಲೆಕ್ಕ ಎಷ್ಟು ಸಲ ತಲೆಕೆಳಗಾಗಿಲ್ಲ? ಆಗ ಅವನಿಗೆ ಮೂವತ್ತೊಂದರ ಆಸುಪಾಸು.

ಅದೇ ವರ್ಷ ಕೈರೋದ ಸುಡಾನಿ ಪಡೆಗಳು ದಂಗೆ ಎದ್ದವು. ಆತ ಅವರ ಹೆಂಡತಿ ಮಕ್ಕಳಿದ್ದ ಕೇರಿಗೇ ಬೆಂಕಿ ಹಾಕಿಸಿದ. ಓಡುತ್ತಿದ್ದ ಸೈನಿಕರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲಲಾಯಿತು. ಸಜ್ಜನ ಸಲಾದಿನ್‌ನ ಕಥೆ ಬರೆಯುವವರು ಈ ಪುಟವನ್ನು ಸಾಮಾನ್ಯವಾಗಿ ತಿರುವಿಬಿಡುತ್ತಾರೆ. 1171ರಲ್ಲಿ ಆತ ಶಿಯಾ ಫಾತಿಮಿ ಖಲೀಫರ ಆಳ್ವಿಕೆಗೆ ಕೊನೆ ಹಾಡಿ, ಶುಕ್ರವಾರದ ಪ್ರಾರ್ಥನೆಯಲ್ಲಿ ಬಾಗ್ದಾದಿನ ಸುನ್ನಿ ಖಲೀಫನ ಹೆಸರು ಹೇಳಿಸಿದ. 1174ರಲ್ಲಿ ನೂರುದ್ದೀನ್ ತೀರಿಕೊಂಡ. ಸಲಾಹುದ್ದೀನ್ ತಡಮಾಡದೆ ಡಮಾಸ್ಕಸ್ಸಿಗೆ ಬಂದು ಕೂತ, ತನ್ನನ್ನು ಬೆಳೆಸಿದ ದೊರೆಯ ಹನ್ನೊಂದು ವರ್ಷದ ಮಗನಿಗೆ ಕಾವಲಾಗಿದ್ದೇನೆ ಅಂತ ಹೇಳಿಕೊಂಡು.

ಮುಂದಿನ ಹನ್ನೆರಡು ವರ್ಷ ಆತ ಹೆಚ್ಚು ಹೊಡೆದಾಡಿದ್ದು ಕ್ರೈಸ್ತರ ಜೊತೆಗಲ್ಲ, ಮುಸ್ಲಿಂ ದೊರೆಗಳ ಜೊತೆ. 1183ರಲ್ಲಿ ಅಲೆಪ್ಪೊ ಕೈಗೆ ಬಂತು, 1186ರಲ್ಲಿ ಮೊಸುಲ್ ಮಣಿಯಿತು. ನಡುವೆ ಹಂತಕ ಪಂಥದವರು ಎರಡು ಸಲ ಅವನನ್ನು ಕೊಲ್ಲಲು ನೋಡಿದರು. 1177ರಲ್ಲಿ ಮೋಂಜಿಸಾರ್ ಎಂಬಲ್ಲಿ ಜೆರುಸಲೇಮಿನ ಹದಿಹರೆಯದ ದೊರೆ, ಕುಷ್ಠರೋಗಿ ನಾಲ್ಕನೇ ಬಾಲ್ಡ್ವಿನ್, ಇವನನ್ನು ಸೋಲಿಸಿ ಈಜಿಪ್ಟಿನವರೆಗೂ ಓಡಿಸಿದ. ಧರ್ಮಕ್ಕಾಗಿ ಹೋರಾಡುತ್ತೇನೆ ಅನ್ನುವವನು ಇಷ್ಟು ವರ್ಷ ತನ್ನವರ ಊರುಗಳನ್ನೇ ಯಾಕೆ ಗೆಲ್ಲುತ್ತಿದ್ದಾನೆ ಅಂತ ಅವನ ಕಾಲದವರೇ ಕೇಳಿದ್ದರು. ಎಲ್ಲರನ್ನೂ ಒಂದುಗೂಡಿಸದೆ ಜೆರುಸಲೇಮ್ ಸಿಗುವುದಿಲ್ಲ ಅನ್ನುವುದು ಅವನ ಸಮರ್ಥನೆ. ಅದು ನಿಜವೂ ಇರಬಹುದು, ನೆಪವೂ ಇರಬಹುದು. 1185ರ ಕೊನೆಯಲ್ಲಿ ಹರಾನ್‌ನಲ್ಲಿ ತಿಂಗಳುಗಟ್ಟಲೆ ಕಾಯಿಲೆ ಬಿದ್ದು ಸಾವಿನ ಬಾಗಿಲು ತಟ್ಟಿ ಬಂದ. ಅಲ್ಲಿಂದೀಚೆಗೆ ಆತ ಜೆರುಸಲೇಮಿನ ವಿಷಯದಲ್ಲಿ ಗಂಭೀರನಾದ ಅನ್ನುವ ಇತಿಹಾಸಕಾರರಿದ್ದಾರೆ.

ಯುದ್ಧಕ್ಕೆ ಕಾರಣ ಕೊಟ್ಟವನು ರೆನಾಲ್ಡ್ ಎಂಬ ಫ್ರೆಂಚ್ ಮೂಲದ ಪಾಳೆಯಗಾರ. ಕೆರಾಕ್ ಕೋಟೆಯಲ್ಲಿ ಕೂತು, ಈಜಿಪ್ಟಿಗೂ ಸಿರಿಯಾಕ್ಕೂ ನಡುವೆ ಓಡಾಡುವ ಒಂಟೆಗಳ ಸಾಲನ್ನು ಲೂಟಿ ಮಾಡುತ್ತಿದ್ದ. ಕೆಂಪು ಸಮುದ್ರಕ್ಕೆ ಹಡಗು ಇಳಿಸಿ ಮಕ್ಕಾ ಮದೀನಾ ದಾರಿಯವರೆಗೂ ಕೈಚಾಚಿದ್ದ. ಕದನವಿರಾಮ ಇದ್ದಾಗಲೇ ಮತ್ತೊಂದು ವ್ಯಾಪಾರಿ ತಂಡವನ್ನು ಹಿಡಿದುಹಾಕಿದ. ಜೆರುಸಲೇಮಿನ ದೊರೆ ಗೀ, ಬಿಟ್ಟುಬಿಡು ಅಂದರೂ ಕೇಳಲಿಲ್ಲ.

1187ರ ಜುಲೈ 3 ಮತ್ತು 4. ಗಲಿಲಾಯ ಸರೋವರದ ಪಶ್ಚಿಮಕ್ಕೆ ಹತ್ತೀನ್ ಎಂಬ ಜೋಡಿಗುಡ್ಡ. ಕ್ರೈಸ್ತ ಸೈನ್ಯ ನೀರಿದ್ದ ಜಾಗ ಬಿಟ್ಟು, ಕಬ್ಬಿಣದ ಅಂಗಿ ತೊಟ್ಟು, ನೆತ್ತಿ ಸುಡುವ ಬಿಸಿಲಲ್ಲಿ ಒಣ ಬಯಲಿಗೆ ಬಂತು. ಸಲಾಹುದ್ದೀನನ ಜನ ನೀರಿನ ದಾರಿ ಮುಚ್ಚಿ, ಒಣಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದರು. ಸರೋವರ ಕಣ್ಣೆದುರೇ ಹೊಳೆಯುತ್ತಿತ್ತು, ತಲುಪುವ ಹಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೆರುಸಲೇಮ್ ರಾಜ್ಯಕ್ಕೆ ಸೈನ್ಯ ಎನ್ನುವುದೇ ಇರಲಿಲ್ಲ. ಯೇಸುವನ್ನು ಏರಿಸಿದ್ದು ಅಂತ ಅವರು ನಂಬಿ ಯುದ್ಧಕ್ಕೆ ಹೊತ್ತುತಂದಿದ್ದ ಶಿಲುಬೆಯ ತುಂಡೂ ಶತ್ರುವಿನ ಪಾಲಾಯಿತು.

ಸೆರೆಸಿಕ್ಕ ದೊರೆ ಗೀಯನ್ನು ಡೇರೆಗೆ ಕರೆಸಿ ಸಲಾಹುದ್ದೀನ್ ಮಂಜಿನ ನೀರು ಕೊಟ್ಟ. ಗೀ ಕುಡಿದು ಬಟ್ಟಲನ್ನು ಪಕ್ಕದಲ್ಲಿದ್ದ ರೆನಾಲ್ಡ್‌ಗೆ ದಾಟಿಸಿದ. ಅವನಿಗೆ ಕೊಟ್ಟಿದ್ದು ನಾನಲ್ಲ ಅಂತ ಸಲಾಹುದ್ದೀನ್ ಎಲ್ಲರಿಗೂ ಕೇಳುವ ಹಾಗೆ ಸ್ಪಷ್ಟಪಡಿಸಿದ. ಅನ್ನ ನೀರು ಕೊಟ್ಟವನನ್ನು ಕೊಲ್ಲಬಾರದು ಅನ್ನುವ ಆ ನಾಡಿನ ಕಟ್ಟಳೆ ರೆನಾಲ್ಡ್‌ನ ಪಾಲಿಗೆ ಅನ್ವಯಿಸದ ಹಾಗೆ ಮಾಡುವ ಜಾಣತನ ಅದು. ಸ್ವಲ್ಪ ಹೊತ್ತಿಗೆ ತನ್ನ ಕೈಯಾರೆ ಅವನ ಮೇಲೆ ಕತ್ತಿ ಬೀಸಿದ. ಎರಡು ದಿನ ಬಿಟ್ಟು, ಸೆರೆಯಲ್ಲಿದ್ದ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಪಂಥದ ಸುಮಾರು ಇನ್ನೂರು ಯೋಧ ಸನ್ಯಾಸಿಗಳ ತಲೆ ಹೊಡೆಸಿದ. ಕೊಂದವರಲ್ಲಿ ಮೌಲ್ವಿಗಳೂ ಸೂಫಿಗಳೂ ಇದ್ದರು, ಕೆಲವರಿಗೆ ಕತ್ತಿ ಹಿಡಿಯುವ ಅಭ್ಯಾಸವೂ ಇರಲಿಲ್ಲ. ಮೂರು ತಿಂಗಳ ನಂತರ ಜೆರುಸಲೇಮಿನಲ್ಲಿ ರಕ್ತ ಹರಿಸದವನೂ ಇದೇ ಮನುಷ್ಯ. ಅದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಹತ್ತೀನ್‌ನಿಂದ ತಪ್ಪಿಸಿಕೊಂಡ ಕೆಲವರಲ್ಲಿ ಬಾಲಿಯನ್ ಎಂಬ ಸರದಾರ ಒಬ್ಬ. ಅವನ ಹೆಂಡತಿ ಮಕ್ಕಳು ಜೆರುಸಲೇಮಿನೊಳಗೆ ಸಿಕ್ಕಿಕೊಂಡಿದ್ದರು. ಅವರನ್ನು ಕರೆತರಲು ಬಿಡಬೇಕೆಂದು ಸಲಾಹುದ್ದೀನನಿಗೇ ಹೇಳಿ ಕಳಿಸಿದ. ಒಂದೇ ರಾತ್ರಿ ಇರಬೇಕು, ಆಯುಧ ಹಿಡಿಯಬಾರದು ಅನ್ನುವ ಷರತ್ತಿನ ಮೇಲೆ ಅಪ್ಪಣೆ ಸಿಕ್ಕಿತು. ಊರೊಳಗೆ ಹೋದರೆ ಜನ ಬಿಡಬೇಕಲ್ಲ. ಅಲ್ಲಿ ಉಳಿದಿದ್ದ ಯೋಧರು ಬೆರಳೆಣಿಕೆಯಷ್ಟು. ಸುತ್ತಲ ಹಳ್ಳಿಗಳಿಂದ ಓಡಿಬಂದ ಸಾವಿರಾರು ಹೆಂಗಸರು ಮಕ್ಕಳು ಬೀದಿಯಲ್ಲಿದ್ದರು. ನೀನೇ ನಿಂತು ಕಾಪಾಡು ಅಂತ ಕಾಲಿಗೆ ಬಿದ್ದರು. ಪ್ರಧಾನ ಧರ್ಮಾಧ್ಯಕ್ಷ ಹೆರಾಕ್ಲಿಯಸ್, ಅನ್ಯಧರ್ಮೀಯನಿಗೆ ಕೊಟ್ಟ ಮಾತು ಮುರಿದರೆ ಪಾಪವಿಲ್ಲ ಅಂದುಬಿಟ್ಟ. ಬಾಲಿಯನ್‌ಗೆ ಅಷ್ಟು ಸುಲಭವಾಗಿ ಒಪ್ಪಲಾಗಲಿಲ್ಲ. ತನ್ನ ಸಂಕಟವನ್ನು ಸಲಾಹುದ್ದೀನನಿಗೇ ಬರೆದು ತಿಳಿಸಿದ. ಆ ಕಡೆಯಿಂದ ಕೋಪದ ಉತ್ತರ ಬರಲಿಲ್ಲ. ಬದಲಿಗೆ ಬಾಲಿಯನ್‌ನ ಹೆಂಡತಿ ಮಕ್ಕಳನ್ನು ಸುರಕ್ಷಿತವಾಗಿ ಸಾಗಿಸಲು ಕಾವಲುಪಡೆ ಬಂತು. ಆಮೇಲೆ ಬಾಲಿಯನ್ ಊರಿನ ಹುಡುಗರನ್ನೂ ವರ್ತಕರ ಮಕ್ಕಳನ್ನೂ ಸೇರಿಸಿ ಅರವತ್ತು ಜನಕ್ಕೆ ಯೋಧ ಪದವಿ ಕೊಟ್ಟು ಗೋಡೆ ಹತ್ತಿಸಿದ.

ಊರನ್ನು ಹಾಗೇ ಒಪ್ಪಿಸಿ ಅಂತ ಸಲಾಹುದ್ದೀನ್ ಮೊದಲೇ ಕೇಳಿದ್ದ. ಸೆಪ್ಟೆಂಬರ್ 4ರಂದು, ಅಸ್ಕಲೋನ್ ಕೈಗೆ ಬಂದ ದಿನ, ಸೂರ್ಯಗ್ರಹಣ ಬೇರೆ ಆಗಿತ್ತು. ಆಗ ಬಂದಿದ್ದ ಜೆರುಸಲೇಮಿನ ಪ್ರತಿನಿಧಿಗಳಿಗೆ ಉದಾರವಾದ ಷರತ್ತುಗಳನ್ನೇ ಮುಂದಿಟ್ಟ. ಅವರು ಒಪ್ಪಲಿಲ್ಲ, ನಮ್ಮ ದೇವರು ಸತ್ತ ಊರನ್ನು ಕೊಡಲಾಗದು ಅಂದರು. ಹಾಗಾದರೆ ಕತ್ತಿಯಿಂದಲೇ ತೆಗೆದುಕೊಳ್ಳುತ್ತೇನೆ ಅಂತ ಆತ ಆಣೆ ಮಾಡಿದ. ಈ ಆಣೆಯೇ ಮುಂದೆ ದೊಡ್ಡ ತಲೆನೋವಾಯಿತು.

ಸೆಪ್ಟೆಂಬರ್ 20ಕ್ಕೆ ಮುತ್ತಿಗೆ ಶುರು. ಮೊದಲ ಐದಾರು ದಿನ ಪಶ್ಚಿಮದಲ್ಲಿ, ದಾವೀದನ ಗೋಪುರದ ಎದುರು, ವ್ಯರ್ಥವಾಗಿ ಹೋಯಿತು. ಆಮೇಲೆ ಡೇರೆಗಳನ್ನು ಕಿತ್ತು ಉತ್ತರಕ್ಕೆ, ಎಣ್ಣೆಮರಗಳ ಗುಡ್ಡದ ಕಡೆಗೆ ಸಾಗಿಸಿದ. 1099ರಲ್ಲಿ ಕ್ರುಸೇಡಿನವರು ಒಳನುಗ್ಗಿದ್ದೂ ಉತ್ತರದ ಗೋಡೆಯಿಂದಲೇ. ಗೋಡೆಯ ಬುಡ ಕೊರೆಯುವವರು ಅಡಿಯಲ್ಲಿ ಸುರಂಗ ತೋಡಿ, ಮರದ ಊರೆ ಕೊಟ್ಟು, ಆಮೇಲೆ ಅದಕ್ಕೆ ಬೆಂಕಿ ಹಾಕಿದರು. 29ರಂದು ಗೋಡೆಯ ಒಂದು ಭಾಗ ಕುಸಿಯಿತು. ಒಳಗಿನವರಿಗೆ ಆ ಬಿರುಕಿನಲ್ಲಿ ರಾತ್ರಿ ಕಾವಲು ನಿಲ್ಲಲು ದುಡ್ಡು ಕೊಡುತ್ತೇವೆಂದರೂ ಜನ ಸಿಗಲಿಲ್ಲ.

ಬಾಲಿಯನ್ ಸಂಧಾನಕ್ಕೆ ಬಂದ. ಮಾತು ನಡೆಯುತ್ತಿದ್ದಾಗಲೇ ಗೋಡೆಯ ಮೇಲೆ ಸಲಾಹುದ್ದೀನನ ಬಾವುಟ ಏರಿತು. ಗೆದ್ದಾಗಿರುವ ಊರಿಗೆ ಷರತ್ತು ಏನು ಅಂತ ಆತ ಕೇಳಿದ. ಅಷ್ಟರಲ್ಲಿ ಒಳಗಿನವರು ತಿರುಗಿಬಿದ್ದು ಬಾವುಟ ಕಿತ್ತೆಸೆದರು. 1099ರಲ್ಲಿ ನಿಮ್ಮವರು ನಮ್ಮವರಿಗೆ ಮಾಡಿದ್ದನ್ನೇ ನಿಮಗೆ ಮಾಡುತ್ತೇನೆ ಎಂಬ ಮಾತೂ ಆ ದಿನ ಅವನ ಬಾಯಿಂದ ಬಂತು. ಆಗ ಬಾಲಿಯನ್ ತನ್ನ ಕೈಯಲ್ಲಿದ್ದ ಕೊನೆಯ ಎಲೆ ಇಳಿಸಿದ. ಬದುಕುವ ದಾರಿ ಇಲ್ಲವೆಂದಾದರೆ ನಮ್ಮ ಹೆಂಡತಿ ಮಕ್ಕಳನ್ನು ನಾವೇ ಕೊಲ್ಲುತ್ತೇವೆ, ಸೊತ್ತೆಲ್ಲ ಸುಡುತ್ತೇವೆ, ನಮ್ಮ ಸೆರೆಯಲ್ಲಿರುವ ಮುಸ್ಲಿಮರನ್ನು ಮುಗಿಸುತ್ತೇವೆ, ಬಂಡೆಯ ಮೇಲಿನ ಗುಮ್ಮಟವನ್ನೂ ಅಲ್ ಅಕ್ಸಾವನ್ನೂ ಕೆಡವುತ್ತೇವೆ, ಆಮೇಲೆ ಹೊರಬಂದು ಸಾಯುತ್ತೇವೆ ಅಂದ. ಆ ಸೆರೆಯಾಳುಗಳು 5,000 ಮಂದಿ ಅಂತ ಅಂದಿನ ಅರಬ್ ಇತಿಹಾಸಕಾರ ಇಬ್ನುಲ್ ಅಸೀರ್ ಲೆಕ್ಕ ಕೊಡುತ್ತಾನೆ.

ಇಲ್ಲಿ ಕರುಣೆಯ ಪ್ರಶ್ನೆ ಎಲ್ಲಿಂದ ಬಂತು? ಒಬ್ಬನ ಹತ್ತಿರ ಸೈನ್ಯ ಇತ್ತು, ಇನ್ನೊಬ್ಬನ ಹತ್ತಿರ ಸೈನ್ಯವಿದ್ದವನು ಕಳೆದುಕೊಳ್ಳಲಾಗದ ವಸ್ತು ಇತ್ತು. ಖಾಲಿ ಬೂದಿಯ ಗುಡ್ಡೆಯನ್ನು ಗೆದ್ದು ಸಲಾಹುದ್ದೀನ್ ಬಾಗ್ದಾದಿಗೆ ಏನಂತ ಪತ್ರ ಬರೆಯುತ್ತಿದ್ದ? ಆತ ತನ್ನ ಸರದಾರರನ್ನು ಕೂಡಿಸಿ ಕೇಳಿದ. ಅವರು ಆಣೆಗೂ ಭಂಗ ಬರದ ಒಂದು ಉಪಾಯ ಹುಡುಕಿದರು. ಊರನ್ನು ಕತ್ತಿಯಿಂದಲೇ ಗೆದ್ದೆವು, ಒಳಗಿನವರೆಲ್ಲ ನಮ್ಮ ಸೆರೆಯಾಳುಗಳು ಅಂತಲೇ ಇಟ್ಟುಕೊಳ್ಳೋಣ. ಸೆರೆಯಾಳುಗಳು ಹಣ ಕೊಟ್ಟು ಬಿಡುಗಡೆ ಪಡೆಯುವುದು ಎಲ್ಲ ಕಡೆ ಇರುವ ರೂಢಿ ತಾನೇ? ನಮ್ಮ ಪಂಚಾಯಿತಿ ಕಟ್ಟೆಗಳಲ್ಲಿ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಮಾಡುತ್ತಾರಲ್ಲ, ಅಂಥದೇ ತೀರ್ಮಾನ.

ಮುಂದೆ ಬೆಲೆಯ ಮಾತು. ಗಂಡಸಿಗೆ 10 ದಿನಾರ್, ಹೆಂಗಸಿಗೆ 5, ಮಗುವಿಗೆ ಒಂದೋ ಎರಡೋ. ಕಟ್ಟಲು 40 ದಿನ ಗಡುವು. ಕೈಯಲ್ಲಿ ಕಾಸಿಲ್ಲದ ಬಡವರು ಸಾವಿರಾರು ಮಂದಿ ಇದ್ದಾರಲ್ಲ ಅಂತ ಬಾಲಿಯನ್ ಹಟ ಹಿಡಿದ. ಎಳೆದೂ ಎಳೆದೂ ಕೊನೆಗೆ 7,000 ಬಡವರಿಗೆ ಒಟ್ಟು 30,000 ದಿನಾರ್ ಅಂತ ಕುದುರಿತು. ಅಕ್ಟೋಬರ್ 2, ಶುಕ್ರವಾರ, ಊರಿನ ಬಾಗಿಲು ತೆರೆಯಿತು. ಹಿಜರಿ ಲೆಕ್ಕದಲ್ಲಿ ಅದು ರಜಬ್ 27, ಪ್ರವಾದಿಗಳು ಇದೇ ಊರಿನಿಂದ ಸ್ವರ್ಗಾರೋಹಣ ಮಾಡಿದರೆಂದು ಮುಸ್ಲಿಮರು ನಂಬುವ ದಿನ. ಊರು ಲೂಟಿಯಾಗಲಿಲ್ಲ. ಪ್ರತಿ ಬೀದಿಯಲ್ಲೂ ಕಾವಲು ನಿಂತಿತು.

ಆ 40 ದಿನದ ವಿವರಗಳು ಯುದ್ಧಕ್ಕಿಂತ ಹೆಚ್ಚು ಹೇಳುತ್ತವೆ. ಬಾಗಿಲಲ್ಲಿ ಕೂತ ಗುಮಾಸ್ತರು ಲಂಚ ತಿಂದರು. ಕೆಲವರನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಕೆಲವರು ಮುಸ್ಲಿಂ ಸೈನಿಕರ ವೇಷದಲ್ಲಿ ಹೊರಬಿದ್ದರು. ಇದನ್ನೆಲ್ಲ ಬರೆದಿಟ್ಟಿರುವವನು ಸಲಾಹುದ್ದೀನನ ಕಾರ್ಯದರ್ಶಿ ಇಮಾದುದ್ದೀನ್, ಖಜಾನೆಗೆ ಬರಬೇಕಿದ್ದ ಹಣ ಸೋರಿಹೋಯಿತಲ್ಲ ಅನ್ನುವ ಹೊಟ್ಟೆಯುರಿಯಿಂದ. ಧರ್ಮಾಧ್ಯಕ್ಷ ಹೆರಾಕ್ಲಿಯಸ್ ತನ್ನ ಪಾಲಿನ 10 ದಿನಾರ್ ಎಣಿಸಿಕೊಟ್ಟು, ಚರ್ಚಿನ ಚಿನ್ನ ಬೆಳ್ಳಿಯನ್ನೆಲ್ಲ ಹೇರಿಕೊಂಡು ಹೊರಟ. ಹಿಂದೆ ಸಾವಿರಾರು ಬಡ ಕ್ರೈಸ್ತರು ಬಿಡುಗಡೆಗೆ ಹಣವಿಲ್ಲದೆ ನಿಂತಿದ್ದರು. ಅದನ್ನು ಕಿತ್ತುಕೊಳ್ಳಿ ಅಂತ ಇಮಾದುದ್ದೀನ್ ಒತ್ತಾಯಿಸಿದ. ಸಲಾಹುದ್ದೀನ್ ಒಪ್ಪಲಿಲ್ಲ. ಕೊಟ್ಟ ಮಾತಿಗೆ ನಾವೇ ಅರ್ಥ ಹಚ್ಚುತ್ತ ಕೂತರೆ ಮಾತು ಮುರಿದವರೆಂಬ ಹೆಸರು ಬರುತ್ತದೆ ಅನ್ನುವುದು ಅವನ ನಿಲುವು.

ಅವನ ತಮ್ಮ ಆದಿಲ್, ಹಣ ಕಟ್ಟಲಾಗದ ಸಾವಿರ ಮಂದಿಯನ್ನು ತನಗೆ ಬಳುವಳಿಯಾಗಿ ಕೊಡು ಅಂತ ಕೇಳಿ, ಪಡೆದು, ಅಲ್ಲೇ ಬಿಟ್ಟುಬಿಟ್ಟ. ಇದನ್ನು ನೋಡಿ ಧರ್ಮಾಧ್ಯಕ್ಷನೂ ಕೇಳಿದ, 700 ಮಂದಿ ಸಿಕ್ಕರು. ಬಾಲಿಯನ್‌ಗೆ 500. ಆಮೇಲೆ ಮುದುಕರನ್ನೆಲ್ಲ ಬಿಡುವಂತೆ ಸಲಾಹುದ್ದೀನನೇ ಹೇಳಿದ. ಹತ್ತೀನ್‌ನಲ್ಲಿ ಗಂಡಂದಿರನ್ನೂ ಅಪ್ಪಂದಿರನ್ನೂ ಕಳೆದುಕೊಂಡ ಹೆಂಗಸರು ಬಂದು ಅತ್ತಾಗ ಸ್ವಂತ ಖಜಾನೆಯಿಂದ ಹಣ ಕೊಡಿಸಿದ.

ಹಾಗಂತ ಎಲ್ಲರೂ ಪಾರಾಗಲಿಲ್ಲ. ಸುಮಾರು ಹದಿನೈದು ಸಾವಿರ ಜನ ಗಡುವು ಮುಗಿದಾಗ ಊರಲ್ಲೇ ಉಳಿದಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಅವರೆಲ್ಲ ಗುಲಾಮರಾದರು. ಇಮಾದುದ್ದೀನ್ ಅವರ ಬಗ್ಗೆ ಬರೆದದ್ದನ್ನು ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ, ಅಷ್ಟು ಲೋಲುಪತೆ ಅದರಲ್ಲಿದೆ. 1099ಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ ಅನ್ನುವುದು ನಿಜ. ಡಮಾಸ್ಕಸ್ಸಿನ ಸಂತೆಯಲ್ಲಿ ಮಾರಾಟವಾದ ಹುಡುಗಿಗೆ ಆ ಹೋಲಿಕೆಯಿಂದ ಆದ ಲಾಭ ಏನೂ ಇಲ್ಲ.

ಬಂಡೆಯ ಮೇಲಿನ ಗುಮ್ಮಟದ ತುದಿಯಲ್ಲಿದ್ದ ಚಿನ್ನದ ಶಿಲುಬೆಯನ್ನು ಕೆಳಗಿಳಿಸಿದರು. ಪವಿತ್ರ ಜಾಗಗಳನ್ನು ಪನ್ನೀರಿನಿಂದ ತೊಳೆದರು. ಜೆರುಸಲೇಮ್ ಗೆದ್ದಾಗ ಇಡಬೇಕೆಂದು ನೂರುದ್ದೀನ್ ಎಷ್ಟೋ ವರ್ಷ ಹಿಂದೆ ಅಲೆಪ್ಪೊದಲ್ಲಿ ಮಾಡಿಸಿಟ್ಟಿದ್ದ ಮರದ ಮಿಂಬರನ್ನು, ಅಂದರೆ ಶುಕ್ರವಾರದ ಪ್ರವಚನದ ಮೆಟ್ಟಿಲುಪೀಠವನ್ನು, ತರಿಸಿ ಅಲ್ ಅಕ್ಸಾದಲ್ಲಿ ನಿಲ್ಲಿಸಿದರು. ಕುರ್ಚಿಯ ವಿಷಯದಲ್ಲಿ ನೂರುದ್ದೀನನ ಮನೆತನವನ್ನು ಮೂಲೆಗೆ ತಳ್ಳಿದವನು ಮಿಂಬರಿನ ವಿಷಯದಲ್ಲಿ ಅವನ ಆಸೆ ತೀರಿಸಿದ. ಅದು 782 ವರ್ಷ ಅಲ್ಲೇ ಇತ್ತು. 1969ರ ಆಗಸ್ಟ್ 21ರಂದು ಆಸ್ಟ್ರೇಲಿಯಾದಿಂದ ಬಂದ ಕ್ರೈಸ್ತ ಮತಾಂಧನೊಬ್ಬ ಬೆಂಕಿ ಇಟ್ಟು ಸುಟ್ಟ. ಈಗ ಇರುವುದು 2007ರಲ್ಲಿ ಜೋರ್ಡನ್ ಮಾಡಿಸಿಕೊಟ್ಟ ಪ್ರತಿ.

ಯೇಸುವಿನ ಸಮಾಧಿಯ ಚರ್ಚನ್ನು ನೆಲಸಮ ಮಾಡಿಬಿಡೋಣ, ಆಗ ಯುರೋಪಿನಿಂದ ಯಾರೂ ಬರುವುದಿಲ್ಲ ಅಂತ ಕೆಲವರು ಸಲಹೆ ಕೊಟ್ಟರು. ಅವರು ಪೂಜಿಸುವುದು ಜಾಗವನ್ನು, ಕಲ್ಲನ್ನಲ್ಲ, ಕೆಡವಿದರೂ ಬರುತ್ತಾರೆ ಅಂತ ಇನ್ನು ಕೆಲವರು ಹೇಳಿದರು. ಏಳನೇ ಶತಮಾನದಲ್ಲಿ ಈ ಊರನ್ನು ಗೆದ್ದ ಖಲೀಫ ಉಮರ್ ಆ ಚರ್ಚನ್ನು ಮುಟ್ಟಿರಲಿಲ್ಲ ಅನ್ನುವುದೂ ನೆನಪಿಗೆ ಬಂತು. ಚರ್ಚು ಉಳಿಯಿತು. ಲ್ಯಾಟಿನ್ ಪಾದ್ರಿಗಳು ಹೊರಗೆ ಹೋದರು, ಸ್ಥಳೀಯ ಪೂರ್ವದ ಕ್ರೈಸ್ತರು ತಲೆಗಂದಾಯ ಕಟ್ಟಿ ಊರಲ್ಲೇ ಉಳಿದರು. ಇವತ್ತಿಗೂ ಆ ಚರ್ಚಿನ ಬೀಗದ ಕೈ ಒಂದು ಮುಸ್ಲಿಂ ಮನೆತನದ ಹತ್ತಿರ, ಬಾಗಿಲು ತೆಗೆಯುವ ಕೆಲಸ ಇನ್ನೊಂದು ಮುಸ್ಲಿಂ ಮನೆತನದ್ದು. ಒಳಗಿರುವ ಕ್ರೈಸ್ತ ಪಂಗಡಗಳಿಗೆ ಪರಸ್ಪರ ನಂಬಿಕೆ ಕಮ್ಮಿ. ಯಹೂದಿಗಳಿಗೂ ಊರು ತೆರೆಯಿತು. 1190ರ ಹೊತ್ತಿಗೆ ಅವರನ್ನು ಮರಳಿ ಬರುವಂತೆ ಸಲಾಹುದ್ದೀನ್ ಕರೆದನೆಂದು ಹೀಬ್ರೂ ಕವಿ ಅಲ್ ಹರೀಜಿ ದಾಖಲಿಸಿದ್ದಾನೆ. ಯಹೂದಿ ಧರ್ಮದ ಮಹಾ ಪಂಡಿತ ಮೈಮೊನಿಡೀಸ್ ಆ ದಿನಗಳಲ್ಲಿ ಕೈರೋದಲ್ಲಿ ಸಲಾಹುದ್ದೀನನ ಮಂತ್ರಿ ಅಲ್ ಫಾದಿಲ್‌ನಿಗೆ ವೈದ್ಯನಾಗಿದ್ದ.

ಮಾತು ಉಳಿಸಿಕೊಂಡಿದ್ದಕ್ಕೆ ಬೆಲೆಯೂ ತೆರಬೇಕಾಯಿತು. ಬಿಟ್ಟ ಯೋಧರು, ಹೊರಟ ನಿರಾಶ್ರಿತರು, ಶರಣಾದ ಕೋಟೆಗಳ ಜನ ಎಲ್ಲರೂ ಹೋಗಿ ಸೇರಿದ್ದು ಸಮುದ್ರದಂಚಿನ ಟೈರ್ ಊರಿಗೆ. ನವೆಂಬರಿನಲ್ಲಿ ಮುತ್ತಿಗೆ ಹಾಕಿದ ಸಲಾಹುದ್ದೀನ್ ಹೊಸ ವರ್ಷದ ಹೊತ್ತಿಗೆ ಕೈಚೆಲ್ಲಿ ವಾಪಸಾದ. ಶತ್ರುವನ್ನು ತಾನೇ ಒಂದು ಕಡೆ ಕೂಡಿಹಾಕಿಕೊಟ್ಟ ಅಂತ ಇಬ್ನುಲ್ ಅಸೀರ್ ನೇರವಾಗಿ ಅವನನ್ನೇ ದೂರುತ್ತಾನೆ. ಇನ್ನು ಯುದ್ಧಕ್ಕೆ ಬರುವುದಿಲ್ಲ ಅಂತ ಆಣೆ ಮಾಡಿ ಬಿಡುಗಡೆಯಾದ ದೊರೆ ಗೀ, 1189ರಲ್ಲಿ ಅದೇ ಟೈರ್ ಕಡೆಯಿಂದ ಸೈನ್ಯ ತಂದು ಏಕರ್ ಬಂದರಿಗೆ ಮುತ್ತಿಗೆ ಹಾಕಿದ. ಹಿಂದೆಯೇ ಇಂಗ್ಲೆಂಡಿನ ರಿಚರ್ಡ್, ಫ್ರಾನ್ಸಿನ ಫಿಲಿಪ್ ಹಡಗಿಳಿದರು.

ಏಕರ್‌ನಲ್ಲೂ ಒಂದು ಚೌಕಾಸಿ ನಡೆಯಿತು. 1191ರ ಜುಲೈ 12ಕ್ಕೆ ಒಳಗಿನ ಮುಸ್ಲಿಂ ಪಡೆ ಶರಣಾಯಿತು, ಸಲಾಹುದ್ದೀನನನ್ನು ಕೇಳದೆಯೇ. ಅವರ ಪ್ರಾಣಕ್ಕೆ 2,00,000 ದಿನಾರ್, ಸುಮಾರು 1,500 ಕ್ರೈಸ್ತ ಸೆರೆಯಾಳುಗಳು ಮತ್ತು ಆ ಶಿಲುಬೆಯ ತುಂಡು ಅಂತ ಮಾತಾಯಿತು. ಇಲ್ಲಿ ಬಾಲಿಯನ್‌ನಂಥ ನಡುವಣ ಮನುಷ್ಯ ಇರಲಿಲ್ಲ. ಹಣ ಕೊಟ್ಟ ಮೇಲೂ ಇವರು ಬಿಡದಿದ್ದರೆ ಅಂತ ಸಲಾಹುದ್ದೀನ್ ಹಿಂಜರಿದ, ಖಾತ್ರಿ ಕೇಳಿದ, ದಿನ ತಳ್ಳಿದ. ಈತ ಕಾಲಹರಣ ಮಾಡುತ್ತಿದ್ದಾನೆ ಅಂತ ರಿಚರ್ಡ್‌ಗೆ ಅನ್ನಿಸಿತು. ಆಗಸ್ಟ್ 20ರಂದು ಸುಮಾರು 2,700 ಸೆರೆಯಾಳುಗಳನ್ನು ಹಗ್ಗದಲ್ಲಿ ಕಟ್ಟಿ ಊರ ಹೊರಗೆ ತಂದು, ಸಲಾಹುದ್ದೀನನ ಪಾಳೆಯಕ್ಕೆ ಕಾಣುವ ಹಾಗೆ ಕೊಲ್ಲಿಸಿದ. ಮುಂದಿನ ವಾರಗಳಲ್ಲಿ ಕೈಗೆ ಸಿಕ್ಕ ಕ್ರೈಸ್ತ ಸೈನಿಕರನ್ನು ಸಲಾಹುದ್ದೀನನೂ ಕೊಲ್ಲಿಸಿದ. ಜೆರುಸಲೇಮಿನಲ್ಲಿ ಆಣೆಗೆ ಅಡ್ಡದಾರಿ ಹುಡುಕಿ ಜೀವ ಉಳಿಸಿದವನು ಏಕರ್‌ನಲ್ಲಿ ಅನುಮಾನಪಟ್ಟು ತನ್ನವರನ್ನೇ ಕಳೆದುಕೊಂಡ. ತಪ್ಪು ಮುಖ್ಯವಾಗಿ ರಿಚರ್ಡ್‌ನದೇ, ಆದರೆ ಆ ನಲವತ್ತು ದಿನಗಳ ಹಿಂಜರಿಕೆಯನ್ನೂ ಮರೆಯುವ ಹಾಗಿಲ್ಲ.

ರಿಚರ್ಡ್ ಎರಡು ಸಲ ಜೆರುಸಲೇಮಿಗೆ ಒಂದು ದಿನದ ದಾರಿಯಲ್ಲಿರುವ ಬೈತ್ ನೂಬಾದವರೆಗೆ ಬಂದು ಹಿಂದಿರುಗಿದ. ಗೆಲ್ಲಬಹುದು, ಗೆದ್ದ ಮೇಲೆ ಉಳಿಸಿಕೊಳ್ಳಲಾಗದು ಅಂತ ಅವನಿಗೆ ಗೊತ್ತಾಗಿತ್ತು. ಒಳಗೆ ಸಲಾಹುದ್ದೀನ್ ಸುತ್ತಲ ಬಾವಿಗಳನ್ನು ಹಾಳುಮಾಡಿಸಿ, ಗೋಡೆ ಕಟ್ಟುವವರ ಜೊತೆ ತಾನೂ ಕಲ್ಲು ಹೊರುತ್ತಿದ್ದ. ನಡುನಡುವೆ ದೂತರ ಓಡಾಟ ನಿಲ್ಲಲಿಲ್ಲ. ರಿಚರ್ಡ್‌ನ ತಂಗಿ ಜೋನ್‌ಳನ್ನು ಆದಿಲ್‌ಗೆ ಮದುವೆ ಮಾಡಿಕೊಟ್ಟು, ಇಬ್ಬರೂ ಜೆರುಸಲೇಮಿನಲ್ಲಿ ಕೂತು ಆಳಲಿ ಅನ್ನುವ ಪ್ರಸ್ತಾಪವೂ ಬಂದಿತ್ತು. ಸಲಾಹುದ್ದೀನ್ ತಮಾಷೆ ಇರಬೇಕು ಅಂದುಕೊಂಡು ತಕ್ಷಣ ಒಪ್ಪಿದ. ಹುಡುಗಿ ಕೆಂಡಾಮಂಡಲವಾದಳು.

1192ರ ಸೆಪ್ಟೆಂಬರ್ 2ರಂದು ಇಬ್ಬರೂ ದಣಿದು ಒಪ್ಪಂದಕ್ಕೆ ಬಂದರು. ಟೈರ್‌ನಿಂದ ಜಾಫಾವರೆಗಿನ ಕರಾವಳಿ ಕ್ರೈಸ್ತರಿಗೆ, ಜೆರುಸಲೇಮ್ ಸಲಾಹುದ್ದೀನನಿಗೆ, ಆಯುಧವಿಲ್ಲದೆ ಬರುವ ಯಾತ್ರಿಕರಿಗೆ ದಾರಿ ಮುಕ್ತ. ಮೂರು ವರ್ಷ ಚಿಲ್ಲರೆ ಅವಧಿ. ಫ್ರೆಂಚರ ಮೇಲೆ ಸಿಟ್ಟಾಗಿದ್ದ ರಿಚರ್ಡ್, ತನ್ನ ಚೀಟಿ ಇಲ್ಲದವರನ್ನು ಒಳಗೆ ಬಿಡಬೇಡ ಅಂತ ಹೇಳಿ ಕಳಿಸಿದ. ದೂರದಿಂದ ಬಂದ ಯಾತ್ರಿಕರನ್ನು ತಡೆಯುವುದು ಸಾಧ್ಯವಿಲ್ಲ ಅಂತ ಸಲಾಹುದ್ದೀನ್ ಅಂದ, ಬಂದವರಿಗೆ ಊಟ ಹಾಕಿಸಿದ. ಸಾಲ್ಸ್‌ಬರಿಯ ಧರ್ಮಾಧ್ಯಕ್ಷ ಹ್ಯೂಬರ್ಟ್ ವಾಲ್ಟರ್ ಬಂದು ಕೇಳಿಕೊಂಡಾಗ, ಯೇಸುವಿನ ಸಮಾಧಿಯ ಚರ್ಚಿನಲ್ಲಿ ಇಬ್ಬರು ಲ್ಯಾಟಿನ್ ಪಾದ್ರಿಗಳಿಗೆ ಪೂಜೆ ನಡೆಸಲು ಅಪ್ಪಣೆಯೂ ಸಿಕ್ಕಿತು. ರಿಚರ್ಡ್ ಮಾತ್ರ ಯಾತ್ರಿಕನಾಗಿಯೂ ಊರೊಳಗೆ ಕಾಲಿಡದೆ ಹಡಗು ಹತ್ತಿದ.

ಒಪ್ಪಂದದ ನಂತರ ಸಲಾಹುದ್ದೀನ್ ಬದುಕಿದ್ದು ಆರು ತಿಂಗಳು. ಹಜ್‌ಗೆ ಹೋಗಬೇಕೆಂಬ ಆಸೆ ಈಡೇರಲಿಲ್ಲ. 1193ರ ಫೆಬ್ರವರಿಯಲ್ಲಿ ಹಜ್ ಮುಗಿಸಿ ಬಂದವರನ್ನು ಎದುರುಗೊಳ್ಳಲು ಮಳೆ ಚಳಿಯಲ್ಲಿ ಹೊರಟವನು ಜ್ವರ ಬಂದು ಮಲಗಿದ, ಮಾರ್ಚ್ 4ರಂದು ಡಮಾಸ್ಕಸ್ಸಿನ ಕೋಟೆಯಲ್ಲಿ ತೀರಿಕೊಂಡ. ಹದಿನೇಳು ಗಂಡುಮಕ್ಕಳು, ಒಬ್ಬಳು ಮಗಳು. ಮಕ್ಕಳೂ ತಮ್ಮನೂ ರಾಜ್ಯಕ್ಕಾಗಿ ಕಿತ್ತಾಡಿಕೊಂಡರು. 1229ರಲ್ಲಿ ಆದಿಲ್‌ನ ಮಗ ಕಾಮಿಲ್, ಬಂಡೆಯ ಮೇಲಿನ ಗುಮ್ಮಟ ಮತ್ತು ಅಲ್ ಅಕ್ಸಾ ಬಿಟ್ಟು ಉಳಿದ ಜೆರುಸಲೇಮನ್ನು ಒಂದು ಕಾಗದದ ಒಪ್ಪಂದದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್‌ಗೆ ಬರೆದುಕೊಟ್ಟ. ಎರಡೂ ಧರ್ಮದವರು ತಂತಮ್ಮ ನಾಯಕನನ್ನು ದ್ರೋಹಿ ಅಂತ ಬೈದರು.

ಕೊನೆಯ ಕಾಯಿಲೆಯಲ್ಲಿ ಪಕ್ಕದಲ್ಲೇ ಇದ್ದ ಅವನ ನ್ಯಾಯಾಧೀಶ, ಚರಿತ್ರೆಕಾರ ಬಹಾವುದ್ದೀನ್ ಕೊನೆಗೆ ಖಜಾನೆಯ ಲೆಕ್ಕ ಬರೆದಿದ್ದಾನೆ. ಈಜಿಪ್ಟು, ಸಿರಿಯಾ, ಯೆಮೆನ್ ಆಳಿದವನ ಸ್ವಂತ ಪೆಟ್ಟಿಗೆಯಲ್ಲಿ ಸಿಕ್ಕಿದ್ದು 47 ಬೆಳ್ಳಿಯ ದಿರ್ಹಮ್ ಮತ್ತು ಒಂದೇ ಒಂದು ಚಿನ್ನದ ನಾಣ್ಯ. ಅಂತ್ಯಕ್ರಿಯೆಗೆ ಬೇಕಾದ್ದನ್ನು ಸಾಲ ತಂದರು, ಗೋರಿಯ ಇಟ್ಟಿಗೆಗೆ ಮಣ್ಣಿನ ಜೊತೆ ಕಲಸುವ ಹುಲ್ಲು ಸಹ ಸಾಲದ್ದೇ. ಆ ಒಂಟಿ ಚಿನ್ನದ ನಾಣ್ಯ ಟೈರ್‌ನದು, ಆತ ಗೆಲ್ಲಲಾಗದೆ ಬಿಟ್ಟುಬಂದ ಊರಿನದು.